ಆರತಿಗೆ ಬೇಡವಾದ ಮುನಿಗಂಗಮ್ಮ

ಕೊಡಿಗೇಹಳ್ಳಿಯಲ್ಲಿ ಯಾರ ಮನೆ ಸೀಮಂತವಾದರೂ ಮುನಿಗಂಗಮ್ಮನಿಗೆ ಸಿಟ್ಟು ನೆತ್ತಿಗೇರುತ್ತದೆ. ಗಂಡ ಸತ್ತವಳೆಂದು ಅವಳನ್ನು ಆರತಿಗೆ ಕರೆಯುವುದಿಲ್ಲ, ಊಟ ಮಾತ್ರ ಡಬ್ಬಿಯಲ್ಲಿ ಹಾಕಿ ಮನೆಗೆ ಕಳಿಸುತ್ತಾರೆ. “ಆರತಿಗೆ ನಾನು ಬ್ಯಾಡ, ನೋವು ಬಂದಾಗ ಬೇಕು! ಇಂಗೂ ಇರ್ತಾರಾ ಜನ?” ಎಂದು ಹಾಲಿನ ಬೂತಿನವರೆಗೂ ಕೇಳುವಂತೆ ಬೈಯುತ್ತಾಳೆ. ಮರುದಿನ ಬೆಳಿಗ್ಗೆ ಅದೇ ಬಸುರಿಯನ್ನು ಪಾರ್ಕಿಗೆ ಎಳೆದುಕೊಂಡು ಹೋಗಿ ನಡೆಸುತ್ತಾಳೆ. ಹುಡುಗಿ ಮೊಬೈಲ್ ತೆಗೆದರೆ ಕಿತ್ತುಕೊಳ್ಳುತ್ತಾಳೆ. “ನೋವು ಬಂದಾಗ ಹಲ್ಲು ಕಚ್ಕೊಂಡು ಇರಬ್ಯಾಡ ಕಣೇ. ಬಾಯಿಂದ ಉದ್ದಕ್ಕೆ ಉಸಿರು ಬಿಡು, ಒಳಗಿಂದ ಕೂಗು. ಮರ್ವಾದೆ ಆಮ್ಯಾಕೆ ನೋಡ್ಕಳಾಣ” ಅನ್ನುತ್ತಾಳೆ. ಲೇಬರ್ ವಾರ್ಡಿಗೆ ಒಬ್ಬರನ್ನೇ ಬಿಡುತ್ತೇವೆ ಅಂದರೆ ಹುಡುಗಿಯರು ಹೆತ್ತ ತಾಯಿಯನ್ನೂ ಹೊರಗೆ ಕೂರಿಸಿ ಇವಳನ್ನೇ ಕರೆಯುತ್ತಾರೆ. ಒಳಗೆ ಹೋದವಳು ಸೊಂಟ ನೀವುತ್ತಾ, ಹೆರುವವಳಿಗಿಂತ ಜೋರಾಗಿ ತಾನೇ ಕೂಗುತ್ತಾಳೆ. ಹೋದ ವಾರ ಹೀಗೇ ಇವಳನ್ನು ಒಳಗೆ ಕರೆಸಿಕೊಂಡ ಪ್ರತಿಭಾ ಎಂಬ ಹುಡುಗಿಯ ಹೆರಿಗೆಯಲ್ಲಿ ನರ್ಸ್ ರೇಗಿಬಿಟ್ಟಳು. “ಹೆರೋದು ಅವಳಾ, ನೀವಾ? ಬಾಯಿ ಮುಚ್ಕೊಂಡು ಇರೋದಾದ್ರೆ ಇರಿ, ಇಲ್ಲಾಂದ್ರೆ ಹೊರಗೆ ನಡೀರಿ.” ಮುನಿಗಂಗಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಗಂಡನ ಹೆಣ ಎತ್ತುವಾಗ ಮೈದುನಂದಿರೂ ಅವಳಿಗೆ ಇದನ್ನೇ ಹೇಳಿದ್ದರು, ಮೇಲಿನ ಮನೆ ಬಾಡಿಗೆಯವರು ಕೇಳಿಸಿಕೊಳ್ಳುತ್ತಾರೆ, ಕೂಗಬೇಡ ಎಂದು. ಆವತ್ತು ನುಂಗಿಕೊಂಡಿದ್ದನ್ನು ಅವಳು ಬಾಯಿಬಿಟ್ಟು ಅತ್ತಿದ್ದು ಇಂಥ ವಾರ್ಡುಗಳಲ್ಲಿ ಮಾತ್ರ. ಪ್ರತಿಭಾ ಆ ನೋವಿನಲ್ಲೇ ಕೈ ಚಾಚಿ ಸೆರಗು ಎಳೆದುಹಾಕಿದಳು. “ಕೂಗು ದೊಡ್ಡಮ್ಮ, ನಾನೊಬ್ಳೇ ಕೂಗಕ್ಕೆ ಆಗಲ್ಲ.” ಮಗು ಹುಟ್ಟುವವರೆಗೂ ಇಬ್ಬರೂ ಕೂಗಿದರು. ರೇಗಿದ್ದ ನರ್ಸೇ ನಡುವೆ ಹೋಗಿ ಬಾಗಿಲು ಮುಂದಕ್ಕೆ ಎಳೆದು ಬಂದಳು.