ಗಂಗಾ ಆಂಟಿಯ ಅಂಗೈ

ಗಂಗಾ ಆಂಟಿಯ ಎಡಗೈ ಸುಮ್ಮನಿದ್ದದ್ದನ್ನು ನಾನು ನೋಡಿಯೇ ಇರಲಿಲ್ಲ. ಮಾತಾಡುವಾಗ ನನ್ನ ಮೊಣಕಾಲು, ಕಾರಿನಲ್ಲಿ ಡ್ಯಾಶ್‌ಬೋರ್ಡ್, ಕ್ಲಿನಿಕ್ಕಿನಲ್ಲಿ ಮೇಜು, ಏನು ಸಿಕ್ಕರೂ ಪಟಪಟ ಬಡಿಯುತ್ತಿತ್ತು. ವಿಜಯಪುರದ ಕಡೆಯವರು. ಈ ಪರದೇಶದಲ್ಲಿ, ಕೆಂಡಲ್ ಪಾರ್ಕ್ ಎಂಬ ಊರಿನಲ್ಲಿ, ನಮ್ಮ ಪಕ್ಕದ ಮನೆ. ಜೋಳದ ರೊಟ್ಟಿ ಬಡಿದು ಸುತ್ತಲಿನ ಕನ್ನಡದವರಿಗೆಲ್ಲ ಮಾರುತ್ತಿದ್ದರು. ಲಕ್ವಾ ಹೊಡೆದು ಬಲಗಾಲು ಸೋತು, ಬಲಗೈ ಮುಷ್ಟಿ ಕಟ್ಟಿಕೊಂಡ ಮೇಲೆ ಎಡಗೈಯ ಚಡಪಡಿಕೆ ಇನ್ನೂ ಹೆಚ್ಚಾಯಿತು.

"ಅಂಗೈ ಬಿಚ್ಚಿದ್ರ ಸಾಕವಾ. ನಡಿಯೂದು ಆಮ್ಯಾಲ ನೋಡೂಣು," ಎನ್ನುತ್ತಿದ್ದರು.

ವಾರವಾರ ಅವರನ್ನು ಥೆರಪಿಗೆ ಕರೆದೊಯ್ಯುತ್ತಿದ್ದವಳು ನಾನು. ಅಲ್ಲಿ ವ್ಯಾಯಾಮಕ್ಕೆ ಮುಂಚೆ ಬಿಗಿ ಸಡಿಲಿಸಲೆಂದು ಒಬ್ಬ ಚೀನೀ ವೈದ್ಯೆ, ಒಣ ಎಲೆ ಸುತ್ತಿದ ದಪ್ಪ ಕಡ್ಡಿಗೆ ಕಿಡಿ ತಾಗಿಸಿ, ಚರ್ಮಕ್ಕೆ ಮುಟ್ಟದಂತೆ ತೋಳಿನ ಮೇಲೆ ಹಿಡಿದು ಕಾವು ಕೊಡುತ್ತಿದ್ದರು. ಮೊದಲ ದಿನ ಆ ಹೊಗೆಗೆ ನಾನು ಮೂಗು ಮುಚ್ಚಿಕೊಂಡರೆ ಆಂಟಿ ಮೂಗರಳಿಸಿದರು.

"ಇದು ಮಾಚಿಪತ್ರಿ ವಾಸ್ನಿ ಅಲ್ಲೇನ? ಗಣಪತಿಗೆ ಏರಸ್ತೀವಲ್ಲ, ಅದ."

ವೈದ್ಯೆ ಫೋನಿನಲ್ಲಿ ಗಿಡದ ಚಿತ್ರ ತೋರಿಸಿದರು. ಹೆಚ್ಚುಕಡಿಮೆ ಅದೇ. ಅಲ್ಲಿಂದ ಆಂಟಿಯ ನಂಬಿಕೆಗೆ ಎಲ್ಲೆಯೇ ಇಲ್ಲ. "ಇನ್ನಷ್ಟ ಹತ್ರ ಹಿಡಿ ಅನ್ನು. ಏನೂ ಗೊತ್ತಾಗವಲ್ದು," ಎಂದು ನನ್ನನ್ನು ತಿವಿಯುವರು. ಬಿಸಿ ಗೊತ್ತಾಗದ ಕೈಗೇ ಹೆಚ್ಚು ಎಚ್ಚರ ಬೇಕೆಂದು ವೈದ್ಯೆ ತಮ್ಮ ಬೆರಳನ್ನು ಪಕ್ಕದಲ್ಲಿಟ್ಟು ಕಾವು ನೋಡಿಕೊಳ್ಳುತ್ತಿದ್ದರು. ಆಮೇಲೆ ವ್ಯಾಯಾಮದಲ್ಲಿ ಬೆರಳುಗಳು ಒಂದಿಷ್ಟು ಬಿಚ್ಚುತ್ತಿದ್ದವು. ಸಂಜೆಗೆ ಮತ್ತೆ ಮುಷ್ಟಿ.

ಒಂದು ದಿನ ಬೆರಳುಗಳು ಎಂದಿಗಿಂತ ಚೆನ್ನಾಗಿ ಬಿಚ್ಚಿಕೊಂಡವು. ಮನೆಗೆ ಬರುವಾಗ ರೂಟ್ ಒನ್ ಹೆದ್ದಾರಿಯುದ್ದಕ್ಕೂ ಟ್ರಾಫಿಕ್ಕಿಗೆ ಆಂಟಿಯ ಬೈಗುಳ. "ಲಗೂ ನಡಿಯವಾ, ಅಂಗೈ ಮುಚ್ಚೂದ್ರಾಗ ಮನಿ ಮುಟ್ಟಬೇಕು."

ಬಂದವರೇ ಹಿಟ್ಟು ನಾದಿ, ಎರಡೂ ಕೈಯಿಂದ ಒಂದು ಸೊಟ್ಟ ರೊಟ್ಟಿ ಬಡಿದರು. ಖುಷಿಗೆ ನನ್ನ ಕಣ್ಣು ತುಂಬಿತು. ಹಂಚಿಗೆ ಹಾಕಿ ನೀರು ಸವರಿದರು. ರೊಟ್ಟಿಗೆ ಸಟ್ಟುಗ ಹಿಡಿಯುವವರನ್ನು ಕಂಡರೇ ಅವರಿಗೆ ಆಗುತ್ತಿರಲಿಲ್ಲ. ಎಂದಿನಂತೆ ಬರಿಗೈಯಲ್ಲಿ ತಿರುವಿಹಾಕಲು ಹೋದರು, ಅದೂ ಬಲಗೈಯಲ್ಲಿ. ಅಂಗೈ ಹಂಚಿನ ಮೇಲೆಯೇ ಕೂತಿತು. ಅವರಿಗೆ ಗೊತ್ತೇ ಆಗಲಿಲ್ಲ. ನಾನೇ ಅವರ ಕೈ ಹಿಡಿದೆಳೆದೆ. ಕೈಗೆ ತಣ್ಣೀರು ಬಿಡುವಷ್ಟರಲ್ಲಿ ರೊಟ್ಟಿ ಸೀದುಹೋಗಿತ್ತು.

ಅಂಗೈ ಸುಟ್ಟಿದ್ದರಿಂದ ಕಾವು, ವ್ಯಾಯಾಮ ಎರಡೂ ನಿಂತವು. ಮುಷ್ಟಿ ಮೊದಲಿಗಿಂತ ಬಿಗಿಯಾಯಿತು.

"ಮತ್ತ ಯಾವಾಗ ಕರಕೊಂಡ ಹೊಕ್ಕಿ?" ನನ್ನ ಮೊಣಕಾಲಿನ ಮೇಲೆ ಎಡಗೈ ಪಟಪಟ.

"ವೂಂಡ್ ಹೀಲ್ ಆಗ್ಲಿ ಆಂಟಿ, ನಾನೇ ಡ್ರೈವ್ ಮಾಡ್ತೀನಿ."

"ಆ ರೊಟ್ಟಿ ಉಬ್ಬಿತ್ತೇನ?"

"ಉಬ್ಬಿತ್ತು," ಎಂದೆ. ನೋಡಿದವರಾರು?

ಗಾಯ ಪೂರ್ತಿ ಮಾಯುವ ಮುಂಚೆಯೇ ಎರಡನೇ ಸಲ ಲಕ್ವಾ ಹೊಡೆಯಿತು. ನಾನು ಆಸ್ಪತ್ರೆ ತಲುಪುವ ಹೊತ್ತಿಗೆ ಹೋಗಿಬಿಟ್ಟಿದ್ದರು. ಹೊದಿಕೆಯ ಮೇಲೆ ಬಲಗೈ ಬೆರಳೆಲ್ಲ ಸಡಿಲವಾಗಿ, ಸುಟ್ಟ ಗಾಯ ಕಾಣುವಂತೆ, ಅಂಗೈ ಪೂರ್ತಿ ಬಿಚ್ಚಿಕೊಂಡಿತ್ತು. ನನಗೆ ಆ ಕೈಯ ಮೇಲೆ ತಡೆಯಲಾರದ ಸಿಟ್ಟು ಬಂತು. ಎಡಗೈಯನ್ನು ಎತ್ತಿ ನನ್ನ ಮೊಣಕಾಲಿನ ಮೇಲಿಟ್ಟುಕೊಂಡು ಕೂತೆ. ಅದು ಸುಮ್ಮನಿತ್ತು.