ಎರಡು ಬಾಗಿಲಿನ ಮೆಷಿನ್ನು

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಅವಳನ್ನು ಎಲ್ಲರೂ ಸ್ಟೀಮಕ್ಕ ಎಂದೇ ಕರೆಯುತ್ತಿದ್ದರು. ಹಳೇ ಮೆಷಿನ್ನಿಗೆ ಹಬೆ ಬಿಡುವ ತಿರುಗಣೆ ಅವಳ ಕೈಯಲ್ಲಿತ್ತು ಎನ್ನುವುದು ಒಂದು ಕಾರಣ. ಯಾರಾದರೂ ಕೆಲಸದಲ್ಲಿ ಉದಾಸೀನ ಮಾಡಿದಾಗ ಅವಳ ಬಾಯಿಂದ ಹೊರಡುತ್ತಿದ್ದದ್ದು ಇನ್ನೊಂದು. ಆ ಹೆಸರಿಟ್ಟವರು ಯಾರೆಂದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಾಗಿದ್ದರೆ ಅವರ ಕಥೆ ಮುಗಿದ ಹಾಗೆಯೇ.

ಅಲ್ಲಿ ಅವಳ ಜೊತೆ ಕೆಲಸ ಮಾಡುತ್ತಿದ್ದವಳು ಅವಳ ಓರಗಿತ್ತಿ, ಮೈದುನನ ಹೆಂಡತಿ. ಇಬ್ಬರದೂ ಒಂದೇ ಮನೆ. ಕೆಳಗೆ ಸ್ಟೀಮಕ್ಕನ ಸಂಸಾರ, ಮೇಲೆ ಓರಗಿತ್ತಿಯದು, ನಡುವೆ ಕೈಹಿಡಿ ಸಡಿಲವಾದ ಒಂದು ಮೆಟ್ಟಿಲು. ಅತ್ತೆ ತೀರಿಕೊಂಡ ದಿನದಿಂದ ಇಬ್ಬರೂ ಮನೆಯಲ್ಲಿ ಮಾತು ಬಿಟ್ಟಿದ್ದರು. ಹಾಗೆಂದು ಹೇಳಬೇಕಾದದ್ದೇನೂ ಬಾಕಿ ಉಳಿಯುತ್ತಿರಲಿಲ್ಲ. ನಲ್ಲಿಯಲ್ಲಿ ನೀರು ಬಂದಿದೆ ಅಂತ ನಿಮ್ಮ ದೊಡ್ಡಮ್ಮನಿಗೆ ಹೇಳು ಎಂದು ಓರಗಿತ್ತಿ ತನ್ನ ಮಗಳಿಗೆ ಹೇಳುವಾಗ ದೊಡ್ಡಮ್ಮ ಪಕ್ಕದಲ್ಲೇ ಕೊಡ ಹಿಡಿದು ನಿಂತಿರುತ್ತಿದ್ದಳು. ಮಕ್ಕಳು ಮನೆಯಲ್ಲಿಲ್ಲದ ಹೊತ್ತಿನಲ್ಲಿ ಇಬ್ಬರೂ ಬೆಕ್ಕಿಗೆ ಹೇಳುತ್ತಿದ್ದರು. ಬೆಕ್ಕಿಗೂ ಅದು ಅಭ್ಯಾಸವಾಗಿ ಹೋಗಿತ್ತು.

ಜಗಳದ ಮೂಲ ಇಷ್ಟೇ. ಹಾಸಿಗೆ ಹಿಡಿದಿದ್ದ ಅತ್ತೆಗೆ ಒಂದು ಮಧ್ಯಾಹ್ನ ಉಸಿರು ಮೇಲೆಕೆಳಗಾಗತೊಡಗಿತು. ಮನೆಯಲ್ಲಿದ್ದವಳು ಓರಗಿತ್ತಿ ಒಬ್ಬಳೇ. ಅವಳು ಆಸ್ಪತ್ರೆಗೆ ಫೋನು ಮಾಡಿ ಬೇಗ ಬಾ ಎಂದಳು. ಆಗ ತಾನೇ ಸ್ಟೀಮಕ್ಕ ಆಪರೇಷನ್ ಕೋಣೆಯ ಬಟ್ಟೆಗೆ ಬ್ಲೀಚು ಹಾಕಿ ಹಬೆ ಬಿಟ್ಟಿದ್ದಳು. ಹಳೇ ಮೆಷಿನ್ನಿನಲ್ಲಿ ನೀರು ಬಿಡುವುದು, ಬಸಿಯುವುದು ಎಲ್ಲವೂ ಕೈಯಿಂದಲೇ. ಹೊತ್ತು ಮೀರಿದರೆ ಬಟ್ಟೆ ಹಿಡಿದಲ್ಲೆಲ್ಲ ಹರಿಯುತ್ತಿತ್ತು. ಇದೊಂದನ್ನು ಜಾಲಿಸಿ ಹೊರಟುಬಿಡುತ್ತೇನೆ ಎಂದುಕೊಂಡಳು. ಅವಳು ಮನೆ ತಲುಪಿದಾಗ ಎಲ್ಲ ಮುಗಿದಿತ್ತು. ನೆರೆದವರೆಲ್ಲರ ಎದುರಿಗೆ ಓರಗಿತ್ತಿ ಅಂದಳು:

"ಅತ್ತೆ ಕೊನೇ ಗಳಿಗೆವರೆಗೂ ಬಾಗಿಲನ್ನೇ ನೋಡ್ತಾ ಇದ್ರು. ನಿನಗೆ ನಿನ್ನ ಮೆಷಿನ್ನೇ ಹೆಚ್ಚಾಯ್ತು."

ಮೆಷಿನ್ನು ಬಿಟ್ಟು ಬರುವ ಹಾಗಿರಲಿಲ್ಲ ಎಂದು ಸ್ಟೀಮಕ್ಕ ಸಿಕ್ಕಸಿಕ್ಕವರಿಗೆಲ್ಲ ಹೇಳಿದಳು. ಆದರೆ ಬಿಟ್ಟು ಬರಬಹುದಿತ್ತು. ತಿರುಗಣೆ ಮುಚ್ಚಿ, ನೀರು ಬಸಿದು ಹೊರಟಿದ್ದರೆ ಒಂದು ಸಲದ ಬಟ್ಟೆ ಹಾಳಾಗುತ್ತಿತ್ತು, ಅಷ್ಟೇ. ಅದು ಗೊತ್ತಿದ್ದವಳು ಅವಳೊಬ್ಬಳೇ. ಆದ್ದರಿಂದಲೇ ಬಾಗಿಲು ನೋಡುತ್ತಾ ಮಲಗಿದ್ದ ಆ ಮುಖ ಅವಳನ್ನು ಬಿಡಲಿಲ್ಲ. ಅನ್ನಕ್ಕೆ ಕೂತರೆ ಎದುರಿಗೆ ಬರುತ್ತಿತ್ತು, ಕಣ್ಣು ಮುಚ್ಚಿದರೂ ಬರುತ್ತಿತ್ತು.

ಮುಂದೆ ಮೈದುನನ ಕಾರ್ಖಾನೆಗೆ ಬೀಗ ಬಿದ್ದಾಗ ಓರಗಿತ್ತಿಯೂ ಕೆಲಸ ಹುಡುಕಿಕೊಂಡು ಅದೇ ವಿಭಾಗಕ್ಕೆ ಬಂದಳು. ನಿಮ್ಮ ಸಂಬಂಧವಂತೆ, ತೆಗೆದುಕೊಳ್ಳಲಾ ಎಂದು ಸೂಪರ್‌ವೈಸರ್ ಕೇಳಿದಾಗ ಸ್ಟೀಮಕ್ಕ ಬೇಕು ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಹಳೇ ಮೆಷಿನ್ನಿನ ಡ್ರಮ್ಮಿನೊಳಗೆ ಎರಡು ಖಾನೆ. ಎರಡರಲ್ಲೂ ಸಮತೂಕದ ಬಟ್ಟೆ ಬಿದ್ದರೆ ಸರಿ. ಇಲ್ಲದಿದ್ದರೆ ಹಿಂಡುವಾಗ ಇಡೀ ಮೆಷಿನ್ನು ಕುಣಿದು ನೆಲ ಅದುರಿಸುತ್ತಿತ್ತು. ಹಾಗಾಗಿ ಇಬ್ಬರೂ ಎದುರುಬದುರು ನಿಂತು ತುಂಬಬೇಕಿತ್ತು, ತುಂಬಿದ ಮೇಲೆ ಕೇಳಬೇಕಿತ್ತು. "ಆಯ್ತಾ?" "ಹ್ಞೂಂ, ಹಾಕು." ಮನೆಯಲ್ಲಿ ಬೆಕ್ಕಿನ ಮೂಲಕ ಮಾತಾಡುವವರು ಇಲ್ಲಿ ಪ್ರತಿ ಸಲವೂ ಇಷ್ಟನ್ನು ಬಾಯಿ ಬಿಟ್ಟು ಆಡುತ್ತಿದ್ದರು. ಕೆಲಸ ಅಂದ ಮೇಲೆ ಆಡಲೇಬೇಕಲ್ಲ ಎಂದು ಇಬ್ಬರೂ ಮನಸ್ಸಿಗೆ ಸಮಾಧಾನ ಹೇಳಿಕೊಂಡಿದ್ದರು.

ಹಳೇ ಮೆಷಿನ್ನಿನ ಬೇರಿಂಗು ಗರಗರ ಎನ್ನತೊಡಗಿದ ವರ್ಷ ಹೊಸದು ಬಂತು. ಅದಕ್ಕೆ ಎರಡು ಬಾಗಿಲು. ಕೊಳೆ ಬಟ್ಟೆ ಒಂದು ಕಡೆಯಿಂದ ಒಳಗೆ, ಒಗೆದದ್ದು ಇನ್ನೊಂದು ಕಡೆಯಿಂದ ಹೊರಗೆ, ನಡುವೆ ಸೂರಿನವರೆಗೆ ಗೋಡೆ. ರೋಗದ ನಂಜು ಈಚೆಯಿಂದ ಆಚೆಗೆ ದಾಟಬಾರದು ಎಂದು ಈ ಏರ್ಪಾಡು. ಎರಡು ಬಾಗಿಲೂ ಒಟ್ಟಿಗೆ ತೆರೆಯುವುದಿಲ್ಲ. ಆಚೆಯದು ತೆರೆದಿರುವಷ್ಟು ಹೊತ್ತು ಈಚೆ ಕೆಂಪು ದೀಪ ಉರಿಯುತ್ತದೆ, ಬಾಗಿಲು ಬೀಗ ಹಾಕಿಕೊಂಡಿರುತ್ತದೆ. ಕೊಳೆ ಕಡೆ ಇದ್ದವರು ಆಚೆ ಹೋಗಬೇಕೆಂದರೆ ಬಚ್ಚಲುಕೋಣೆಯಲ್ಲಿ ಸ್ನಾನ ಮಾಡಿ ಬಟ್ಟೆ ಬದಲಿಸಿ ಹೋಗಬೇಕು.

ಕೂರಿಸಲು ಬಂದ ಫಿಟ್ಟರು ಮಾತು ಕಡಿಮೆಯ ಮನುಷ್ಯ. ಸಿಮೆಂಟಿನ ಕಟ್ಟೆ ಒಣಗುವವರೆಗೆ ಯಾರನ್ನೂ ಹತ್ತಿರ ಬಿಡಲಿಲ್ಲ. ಆಮೇಲೆ ರಸಮಟ್ಟ ಇಟ್ಟು, ನಾಲ್ಕೂ ಮೂಲೆ ಒಂದೇ ಮಟ್ಟಕ್ಕೆ ಬರುವವರೆಗೆ ಕಾಲುಗಳನ್ನು ಕೂದಲೆಳೆಯಷ್ಟು ಏರಿಸಿ ಇಳಿಸಿದ. ಕೊನೆಗೆ ಹಿಂಬದಿಯಿಂದ ಕೆಂಪು ಬಣ್ಣದ ದಪ್ಪ ಬೋಲ್ಟುಗಳನ್ನು ಬಿಚ್ಚಿ ಸ್ಟೀಮಕ್ಕನ ಕೈಗೆ ಕೊಟ್ಟ. ಲಾರಿಯಲ್ಲಿ ಬರುವಾಗ ಡ್ರಮ್ಮು ಅಲ್ಲಾಡದಿರಲಿ ಎಂದು ಬಿಗಿದವಂತೆ. ಇದ್ದರೆ ಗಟ್ಟಿಯಲ್ಲವೇ, ಯಾಕೆ ಬಿಚ್ಚಿದ್ದು ಎಂದು ಅವಳು ಕೇಳಿದಳು.

"ದಾರಿಗೆ ಬೇಕಾಗಿತ್ತು, ಬಿಗಿದಿದ್ರು. ಇನ್ನೂ ಹಾಗೇ ಬಿಟ್ರೆ ಮೆಷಿನ್ನು ತನ್ನನ್ನ ತಾನೇ ಮುರ್ಕೊಳ್ಳುತ್ತೆ" ಎಂದ ಫಿಟ್ಟರು.

ಅವಳಿಗೆ ನಂಬಿಕೆ ಬರಲಿಲ್ಲ. ಹಿಂಡುವ ಹೊತ್ತಿಗೆ ಬೇಕೆಂದೇ ತನ್ನ ಚಹಾದ ಲೋಟವನ್ನು ಮೆಷಿನ್ನಿನ ತಲೆಯ ಮೇಲಿಟ್ಟಳು. ಚಹಾ ತುಳುಕಲಿಲ್ಲ. ಫಿಟ್ಟರು ಆ ಲೋಟವನ್ನೇ ಎತ್ತಿ ಕುಡಿದು, ವಾರಕ್ಕೊಮ್ಮೆ ಬೇರಿಂಗಿಗೆ ಗ್ರೀಸು, ದಿನಾ ನೂಲುಕಸದ ಜಾಲರಿ, ಬಾಗಿಲ ರಬ್ಬರು ಒರೆಸಿ ಒಣಗಿಸುವುದು ಎಂದು ಹೇಳಿಕೊಟ್ಟು ಹೊರಟುಹೋದ. ಎರಡು ಕೋಣೆಯ ನಡುವೆ ಮಾತಾಡುವ ಫೋನು ಮುಂದಿನ ತಿಂಗಳು ಬರುತ್ತದೆ ಎಂದು ಸೂಪರ್‌ವೈಸರ್ ಹೇಳಿದರು. ಅದು ಬರಲೇ ಇಲ್ಲ.

ಯಾರು ಯಾವ ಕಡೆ ಎಂಬ ಪ್ರಶ್ನೆ ಬಂದಾಗ ಸ್ಟೀಮಕ್ಕ ಕೊಳೆ ಕಡೆ ತಾನೇ ಇರುತ್ತೇನೆ ಎಂದಳು. ಹಿರಿಯಳು ತಾನು, ಮೆಷಿನ್ನು ಗೊತ್ತಿರುವವಳು ತಾನು ಎಂದು ಕಾರಣವನ್ನೂ ಕೊಟ್ಟಳು. ರಕ್ತ, ಕೀವು ಕಂಡರೆ ಓರಗಿತ್ತಿಗೆ ಹೊಟ್ಟೆ ತೊಳೆಸುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಅದನ್ನು ಮಾತ್ರ ಹೇಳಲಿಲ್ಲ. ಹೇಗಿದ್ದರೂ ಇನ್ನು ಆ ಮೂತಿ ನೋಡುವುದು ತಪ್ಪಿತು ಎಂದು ಮೊದಲ ದಿನ ಹಗುರವಾಗಿಯೇ ಬಂದಳು.

ಹಗುರ ಬಹಳ ದಿನ ಉಳಿಯಲಿಲ್ಲ. ಹೊಸ ಮೆಷಿನ್ನು ತೂಕವನ್ನು ತಾನೇ ನೋಡಿಕೊಳ್ಳುತ್ತಿತ್ತು, ನೀರನ್ನು ತಾನೇ ಬಿಟ್ಟುಕೊಳ್ಳುತ್ತಿತ್ತು, ಯಾರನ್ನೂ ಏನನ್ನೂ ಕೇಳುತ್ತಿರಲಿಲ್ಲ. ಒಂದು ದಿನ ಬಟ್ಟೆ ತುಂಬಿ ಬಾಗಿಲು ಹಾಕುವಾಗ ಅವಳು ಅಭ್ಯಾಸಬಲದಿಂದ "ಆಯ್ತಾ?" ಎಂದುಬಿಟ್ಟಳು. ಮೆಷಿನ್ನು ಪಿಳಿಪಿಳಿ ದೀಪ ಮಿಟುಕಿಸಿತು. ಅವಳಿಗೆ ನಾಚಿಕೆಯಾಯಿತು. ಆಮೇಲೆ ಯಾಕೋ ಸಂಕಟವಾಯಿತು. ಅವರಿಬ್ಬರ ನಡುವೆ ಉಳಿದಿದ್ದ ಮಾತು ಅದೊಂದೇ ಆಗಿತ್ತು, ಅದನ್ನೂ ಗೋಡೆ ಕಟ್ಟಿಸಿ ಕಳೆದುಕೊಂಡಂತಾಯಿತು.

ಹೀಗಿರುವಾಗ ಒಂದು ಬೆಳಿಗ್ಗೆ ಆಚೆಯ ಬಾಗಿಲು ತೆರೆದ ಕೆಂಪು ದೀಪ ಹತ್ತಿತು, ಹತ್ತಿದ್ದು ಆರಲಿಲ್ಲ. ಸ್ಟೀಮಕ್ಕ ಮುಂದಿನ ಬಟ್ಟೆಯನ್ನು ವಿಂಗಡಿಸಿ, ಗಂಟು ಬಿಚ್ಚಿ, ಗಾಡಿ ತುಂಬಿ ನಿಂತಳು. ದೀಪ ಉರಿಯುತ್ತಲೇ ಇತ್ತು. ಬೆಳಿಗ್ಗೆ ಮೆಟ್ಟಿಲ ಮೇಲೆ ಒಣಹಾಕಿದ ಚಾಪೆಯ ವಿಷಯಕ್ಕೆ ಬೆಕ್ಕಿನ ಮೂಲಕ ಒಂದು ಸುತ್ತು ಆಗಿತ್ತು. ಅದರ ಸಿಟ್ಟನ್ನು ಇಲ್ಲಿ ತೀರಿಸುತ್ತಿದ್ದಾಳೆ, ಎಷ್ಟು ಸೊಕ್ಕು ನೋಡು ಎಂದುಕೊಂಡಳು. ಬಾಗಿಲು ಗುದ್ದಿದಳು. ಗಟ್ಟಿಯಾಗಿ ಕೂಗಿದಳು. ಆಚೆ ಒಣಗಿಸುವ ಯಂತ್ರಗಳ ಮೊರೆತದಲ್ಲಿ ಯಾವುದೂ ಕೇಳುವ ಹಾಗಿರಲಿಲ್ಲ.

ಆಗ ಅವಳಿಗೆ ನೆನಪಾಯಿತು. ಮೂರ್ನಾಲ್ಕು ದಿನದಿಂದ ಓರಗಿತ್ತಿ ಮೆಟ್ಟಿಲು ಹತ್ತುವಾಗ ಗೋಡೆ ಹಿಡಿದು ನಿಂತು ನಿಂತು ಹತ್ತುತ್ತಿದ್ದಳು. ಇವಳು ಕೆಳಗಿನಿಂದ ನೋಡಿದ್ದಳು, ನೋಡಿಯೂ ಏನಾಯಿತು ಎಂದು ಕೇಳಿರಲಿಲ್ಲ. ಆಚೆ ಬಿದ್ದುಬಿಟ್ಟಿದ್ದಾಳೇನೋ. ದೀಪ ಆರಿದ ಮೇಲೆ ನೋಡಿದರಾಯಿತು ಎಂದು ಒಂದು ಕ್ಷಣ ಅನ್ನಿಸಿದ್ದೂ ನಿಜ. ಅದೇ ಮಾತನ್ನು ಹಿಂದೆ ಒಮ್ಮೆ ಅಂದುಕೊಂಡಿದ್ದಳಲ್ಲ, ಇದೊಂದನ್ನು ಜಾಲಿಸಿ ಎಂದು. ಅಷ್ಟು ನೆನಪಾದದ್ದೇ ತಡ, ಸ್ನಾನವಿಲ್ಲ, ಬಟ್ಟೆ ಬದಲಿಸುವುದೂ ಇಲ್ಲ, ಕೊಳೆ ಮೆತ್ತಿದ ಏಪ್ರನ್ನಿನಲ್ಲೇ ಬಚ್ಚಲುಕೋಣೆಯ ಎರಡೂ ಬಾಗಿಲು ನೂಕಿಕೊಂಡು ಆಚೆಗೆ ಓಡಿದಳು.

ಓರಗಿತ್ತಿ ಸೊಂಟದವರೆಗೆ ಡ್ರಮ್ಮಿನೊಳಗಿದ್ದಳು. ಹೊರಗೆ ಕಂಡದ್ದು ಎರಡು ಕಾಲು ಮಾತ್ರ. ಬಿದ್ದೇಹೋಗಿದ್ದಾಳೆ ಎಂದು ಸ್ಟೀಮಕ್ಕ ಆ ಕಾಲುಗಳನ್ನು ತಬ್ಬಿ ಹಿಂದಕ್ಕೆಳೆದಳು. ಒಳಗಿದ್ದವಳ ತಲೆ ಠಣ್ಣೆಂದು ಡ್ರಮ್ಮಿಗೆ ಹೊಡೆಯಿತು. ನೆತ್ತಿ ಉಜ್ಜಿಕೊಳ್ಳುತ್ತಾ ಹೊರಬಂದ ಓರಗಿತ್ತಿ ಎದುರಿಗಿದ್ದವಳ ಕೊಳೆ ಏಪ್ರನ್ನನ್ನೇ ನೋಡಿದಳು.

"ಮೆಷಿನ್ ಬಿಟ್ಟು ಬಂದ್ಯಾ?" ಎಂದಳು.

ಸ್ಟೀಮಕ್ಕ ಹ್ಞೂಂ ಎಂದು ತಲೆಯಾಡಿಸಿದಳು.

ಒಳಗೆ ಆಪರೇಷನ್ ಕೋಣೆಯ ಒಂದು ಸಣ್ಣ ಕತ್ತರಿ ಡ್ರಮ್ಮಿನ ತೂತಿನಲ್ಲಿ ಸಿಕ್ಕಿಕೊಂಡಿತ್ತು. ಬಟ್ಟೆಯ ಮಡಿಕೆಯಲ್ಲಿ ಬಂದ ಇಂಥವನ್ನು ಹುಡುಕಿ ತೆಗೆಯುವುದು ಕೊಳೆ ಕಡೆಯವರ ಕೆಲಸ, ತಪ್ಪು ಸ್ಟೀಮಕ್ಕನದೇ. ಸೂಪರ್‌ವೈಸರಿಗೆ ಒಂದು ಮಾತು ಹೇಳಿದ್ದರೆ ಫಿಟ್ಟರು ಬರುತ್ತಿದ್ದ, ಇವಳ ಮಾನ ಹರಾಜಾಗುತ್ತಿತ್ತು. ಓರಗಿತ್ತಿ ಹೇಳದೆ ಒಬ್ಬಳೇ ಎಳೆದಾಡುತ್ತಿದ್ದಳು, ಹೆಬ್ಬೆರಳು ತರಚಿತ್ತು. ಎಳೆದಷ್ಟೂ ಡ್ರಮ್ಮೇ ತಿರುಗಿ ಬರುತ್ತಿತ್ತು. ಸ್ಟೀಮಕ್ಕ ಡ್ರಮ್ಮಿಗೆ ತೋಳು ಕೊಟ್ಟು ಅಲ್ಲಾಡದಂತೆ ಹಿಡಿದಳು. "ಆಯ್ತಾ?" ಎಂದಳು. "ಹ್ಞೂಂ" ಎಂದು ಓರಗಿತ್ತಿ ತಿರುಚಿ ಎಳೆದಳು. ಕತ್ತರಿ ಕೈಗೆ ಬಂತು.

ಅಷ್ಟರಲ್ಲಿ ಸೂಪರ್‌ವೈಸರ್ ಬಂದರು. ಓರಗಿತ್ತಿ ಕತ್ತರಿಯನ್ನು ಜೇಬಿಗೆ ಸೇರಿಸಿದಳು, ಆದರೆ ಕೊಳೆ ಏಪ್ರನ್ನಿನ ಸ್ಟೀಮಕ್ಕನನ್ನು ಯಾವ ಜೇಬಿಗೆ ಸೇರಿಸುವುದು? ಆ ಮನುಷ್ಯ ಕೂಗಾಡಲಿಲ್ಲ, ಕೂಗಾಡಿದ್ದರೆ ವಾಸಿಯಿತ್ತು. ಇಷ್ಟು ವರ್ಷ ಕೆಲಸ ಮಾಡಿದ ನಿಮಗೆ ನಾನು ಹೇಳಿಕೊಡಬೇಕಾ ಎಂದು ಕೇಳಿ, ಆ ಕೋಣೆಯಲ್ಲಿ ಮಡಿಸಿಟ್ಟ ಬಟ್ಟೆಯನ್ನೆಲ್ಲ ಮತ್ತೆ ಒಗೆಯಬೇಕು, ನೆಲ ಗೋಡೆಗೆಲ್ಲ ಔಷಧಿ ಹೊಡೆಯಬೇಕು ಎಂದರು. ಹೆದರಿ ಓಡಿಬಂದೆ, ತಪ್ಪಾಯ್ತು ಎಂದಳು ಸ್ಟೀಮಕ್ಕ. ಅವಳ ಬಾಯಿಂದ ತಪ್ಪಾಯ್ತು ಎಂಬ ಮಾತನ್ನು ಆ ವಿಭಾಗ ಕೇಳಿದ್ದು ಅದೇ ಮೊದಲು.

ಔಷಧಿ ಹೊಡೆಯುವವರು ಆಚೆ ಇದ್ದಷ್ಟು ಹೊತ್ತು ಓರಗಿತ್ತಿಗೂ ಕೊಳೆ ಕಡೆಯೇ ಕೆಲಸ. ಗಾಡಿಗಟ್ಟಲೆ ಬಟ್ಟೆಯನ್ನು ಇಬ್ಬರೂ ಸೇರಿ ತುಂಬಿದರು. ಮೆಷಿನ್ನು ತಿರುಗತೊಡಗಿದ ಮೇಲೆ ಬೋರಲು ಹಾಕಿದ ಬುಟ್ಟಿಗಳ ಮೇಲೆ ಪಕ್ಕಪಕ್ಕ ಕೂತರು. ಸ್ಟೀಮಕ್ಕ ಅವಳ ಹೆಬ್ಬೆರಳಿಗೆ ಬಟ್ಟೆ ಸುತ್ತಿ, ಮೆಟ್ಟಿಲು ಹತ್ತುವಾಗ ಏನು ನೋವು ಎಂದು ಕೇಳಿದಳು. ಮಂಡಿ ಎಂದಳು ಅವಳು. ಆಮೇಲೆ ಇಬ್ಬರೂ ಗಾಜಿನ ಹಿಂದೆ ಉರುಳುವ ಬಟ್ಟೆಯನ್ನು ನೋಡುತ್ತಾ ಕೂತರು. ನೊರೆ ಏರಿತು, ಇಳಿಯಿತು. ಆ ದಿನದ ಮಾತೆತ್ತಿದವಳು ಓರಗಿತ್ತಿ.

"ಅತ್ತೆಗೆ ಅವತ್ತು ನೀನು ಕೆಲ್ಸಕ್ಕೆ ಹೋದ್ಮೇಲಿಂದಾನೇ ಪ್ರಜ್ಞೆ ಇರ್ಲಿಲ್ಲ ಕಣಕ್ಕಾ. ಕಣ್ಣೇ ಬಿಡ್ಲಿಲ್ಲ ಅವರು."

ಸ್ಟೀಮಕ್ಕ ಅವಳತ್ತ ತಿರುಗಿದಳು.

"ಬಾಗಿಲು ನೋಡ್ತಾ ಕೂತಿದ್ದೋಳು ನಾನು. ಅದಕ್ಕೆ ಮುಂಚೆ ಯಾರೂ ಸಾಯೋದನ್ನ ನಾನು ಕಂಡಿರ್ಲಿಲ್ಲ. ಈಗ ಬರ್ತೀಯ, ಈಗ ಬರ್ತೀಯ ಅಂತ ನೋಡ್ತಾನೇ ಇದ್ದೆ. ನಂಗೆ ಹೆದರಿಕೆ ಆಯ್ತು ಅಂತ ಅಷ್ಟು ಜನರ ಮುಂದೆ ಹೇಗೆ ಹೇಳ್ಲಿ? ಅತ್ತೆ ಹೆಸರು ಹೇಳ್ದೆ."

ಸ್ಟೀಮಕ್ಕನಿಗೆ ಸಿಟ್ಟು ಬರಬೇಕಿತ್ತು. ಇಷ್ಟು ವರ್ಷ ಅನ್ನದ ಮುಂದೆ ಬಂದು ಕೂತ ಆ ಮುಖ ಸುಳ್ಳಾಗಿತ್ತಲ್ಲ. ಸಿಟ್ಟು ಬರಲಿಲ್ಲ. ಸತ್ತವಳ ಹತ್ತಿರ ಅವಳು ಮನಸ್ಸಿನಲ್ಲೇ ಎಷ್ಟೋ ಸಲ ಕ್ಷಮೆ ಕೇಳಿದ್ದಳು. ಕಾದು ಕೂತಿದ್ದವಳು ಮೇಲಿನ ಮನೆಯಲ್ಲೇ ಇದ್ದಳು, ದಿನಾ ಮೆಟ್ಟಿಲಲ್ಲಿ ಎದುರಾಗುತ್ತಿದ್ದಳು, ಅವಳ ಹತ್ತಿರ ಒಂದು ಸಲವೂ ಕೇಳಿರಲಿಲ್ಲ.

"ತುಂಬಾ ಹೆದರಿದ್ಯಾ?" ಎಂದಳು.

ಓರಗಿತ್ತಿ ತಲೆಯಾಡಿಸಿದಳು. ಅಷ್ಟರಲ್ಲಿ ಮೆಷಿನ್ನು ನಿಂತು, ಬಟ್ಟೆ ತೆಗೆಯಿರಿ ಎಂದು ಗೋಡೆಯಾಚೆ ಬಜರು ಕೂಗತೊಡಗಿತು. ಮೆಷಿನ್ನಿನ ಕೆಲಸಕ್ಕೆ ಒಂದು ದಿನವೂ ತಡಮಾಡದ ಸ್ಟೀಮಕ್ಕನನ್ನು ಬಲ್ಲ ಓರಗಿತ್ತಿ ಮಂಡಿಗೆ ಕೈಯೂರಿ ಏಳಲು ಹೋದಳು. ಸ್ಟೀಮಕ್ಕ ಅವಳ ರಟ್ಟೆ ಹಿಡಿದು ಕೂರಿಸಿದಳು.

"ಕೂಗ್ಲಿ ಬಿಡು" ಎಂದಳು. "ನೀನು ಹೇಳು. ಅವತ್ತು ಏನಾಯ್ತು, ಮೊದಲಿಂದ ಹೇಳು."