ಟ್ಯಾಂಕಿನ ಬಾಯಿಗೆ ಕೂತ ಕಾಕ

ಪಕ್ಕದ ಮನೆಯ ಕಾಕನ ಸೊಂಟದಲ್ಲಿ ಯಾವಾಗಲೂ ಒಂದು ಹಗ್ಗ ಇರುತ್ತಿತ್ತು. ಅವರ ಕಡೆಯವರೆಲ್ಲ ಲುಂಗಿಯ ಮೇಲೆ ಅಗಲದ ಬೆಲ್ಟು ಹಾಕಿದರೆ ಇವರು ಹೆಬ್ಬೆರಳು ದಪ್ಪದ ಹಡಗಿನ ಹಗ್ಗವನ್ನೇ ಹಲವು ಸುತ್ತು ಸುತ್ತಿಕೊಂಡು ಓಡಾಡುತ್ತಿದ್ದರು. ಬಿಸಿಲಿಗೆ ನಿಂತರೆ ಅದರಿಂದ ಟಾರಿನ ವಾಸನೆ ಬರುತ್ತಿತ್ತು. ಮೂಡಿಗೆರೆ ಸಂತೆಯಲ್ಲಿ ಜನ, "ಎಮ್ಮೆ ಎಲ್ಲಿ ತಪ್ಪಿಸ್ಕೊಳ್ತು ಕಾಕ?" ಎಂದು ಕೇಳುವರು. "ಹುಡುಕ್ತಾನೇ ಇದ್ದೆ ಮಾರಾಯ, ಈಗ ಸಿಕ್ತಲ್ಲ" ಎಂದು ಕಾಕ ಕೇಳಿದವನ ಹೆಗಲಿಗೇ ಕೈ ಹಾಕುವರು.

ಕಾಕ ಕರಾವಳಿಯವರು. ಹರೆಯದಲ್ಲಿ ರಂಗೂನಿನಿಂದ ಎಣ್ಣೆ ತರುವ ಹಡಗುಗಳಲ್ಲಿ ಇದ್ದರಂತೆ. ಎಣ್ಣೆ ಇಳಿಸಿದ ಮೇಲೆ ಹಡಗಿನ ಹೊಟ್ಟೆಯೊಳಗಿನ ಟ್ಯಾಂಕುಗಳಿಗೆ ಇಳಿದು, ತಳದಲ್ಲಿ ಉಳಿದ ಕೆಸರನ್ನು ಕೆರೆದು ತೊಳೆಯುವ ಕೆಲಸ. ಆಮೇಲೆ ಘಟ್ಟ ಹತ್ತಿ ಬಂದು, ನಮ್ಮನೆಯವರು ಮೆಕ್ಯಾನಿಕ್ ಆಗಿದ್ದ ಬಸ್ ಶೆಡ್ಡಿಗೇ ಸೇರಿದರು. ಸಮುದ್ರ ಯಾಕೆ ಬಿಟ್ಟಿರಿ ಎಂದು ಕೇಳಿದರೆ, "ಉಪ್ಪು ಜಾಸ್ತಿ ಆಯ್ತು ತಂಗಿ" ಎಂದು ಮಾತು ಮರೆಸುತ್ತಿದ್ದರು.

ಅವರ ಇನ್ನೊಂದು ಚಾಳಿ ಕೂಗುವುದು. ಮನೆಯವರು ಯಾರು ಬಚ್ಚಲಿಗೆ ಹೋದರೂ, ಅಟ್ಟ ಹತ್ತಿದರೂ ಹೊರಗಿನಿಂದ "ಹೋಯ್" ಎನ್ನುವರು. ಒಳಗಿದ್ದವರು ತಿರುಗಿ "ಹೋಯ್" ಎನ್ನಬೇಕು. ಅನ್ನದಿದ್ದರೆ ಬಾಗಿಲು ಬಡಿಯುವರು. "ನೆಮ್ಮದಿಯಾಗಿ ಮೈ ತೊಳೀಲಿಕ್ಕೂ ಬಿಡೂದಿಲ್ಲ ಇವ್ರು" ಎಂದು ಅವರ ಹೆಂಡತಿ ನನ್ನ ಹತ್ತಿರ ದೂರುತ್ತಿದ್ದರು. ನನಗೋ ನಗು. ಒಲೆ ಮುಂದೆ ಕೂತು ಕಾಕನ ದನಿಯಲ್ಲೇ ಕೂಗಿ ಮನೆಮಂದಿಯನ್ನೆಲ್ಲ ನಗಿಸುತ್ತಿದ್ದೆ.

ಯುದ್ಧದ ಕಾಲಕ್ಕೆ ಪೆಟ್ರೋಲ್ ಸಿಗದೆ ಬಸ್ಸುಗಳು ಇದ್ದಿಲ ಗ್ಯಾಸಿನಲ್ಲಿ ಏದುಸಿರು ಬಿಡುತ್ತ ಓಡಾಡಿದವು. ಶೆಡ್ಡಿನ ಹಿಂದೆ ನೆಲದಲ್ಲಿ ಹೂತಿದ್ದ ಪೆಟ್ರೋಲ್ ಟ್ಯಾಂಕು ಮುಚ್ಚಿಯೇ ಇತ್ತು. ಯುದ್ಧ ಮುಗಿದು ಪೆಟ್ರೋಲ್ ಮತ್ತೆ ಸಿಗುತ್ತದೆಂದಾಗ ಅದನ್ನು ತೊಳೆಯಬೇಕಾಯಿತು. ಕಾಕನಿಗೆ ಆಗಲೇ ಮಂಡಿನೋವು. ಇಳಿಯುವವರು ನಮ್ಮನೆಯವರು, ಮೇಲೆ ಟ್ಯಾಂಕಿನ ಬಾಯಲ್ಲಿ ಕೂರುವವರು ಕಾಕ ಎಂದು ತೀರ್ಮಾನವಾಯಿತು.

ಕಾಕನ ತಯಾರಿ ಒಂದು ಮದುವೆಯ ತಯಾರಿಯಷ್ಟಿತ್ತು. ಮುಚ್ಚಳ ತೆಗೆಸಿ ದಿನಗಟ್ಟಲೆ ಹಾಗೇ ಬಿಟ್ಟರು. ಕ್ಯಾನ್ವಾಸನ್ನು ಕೊಳವೆಯಂತೆ ಹೊಲಿದು, ಗಾಳಿ ಟ್ಯಾಂಕಿನೊಳಗೆ ಇಳಿಯುವಂತೆ ಮೇಲೆ ಕಟ್ಟಿದರು. ಹಂಡೆಗಟ್ಟಲೆ ಬಿಸಿನೀರು ಹೊಯ್ಸಿ ಹೊರಗೆ ತೆಗೆಸಿದರು. ಶೆಡ್ಡಿನವರ ಬೀಡಿ, ಬೆಂಕಿಪೊಟ್ಟಣಗಳೆಲ್ಲ ದೂರದ ಹೋಟೆಲಿಗೆ ಹೋದವು. ಕಬ್ಬಿಣ ತಗಲಿ ಕಿಡಿ ಹಾರಬಾರದೆಂದು ಕೆರೆಯಲು ಮರದ ಹಲಗೆ. ಕೊನೆಗೆ ಸೊಂಟದ ಹಗ್ಗ ಬಿಚ್ಚಿ ನಮ್ಮನೆಯವರ ಕಂಕುಳಡಿ ಸುತ್ತಿ, ಗಂಟನ್ನು ಬೆನ್ನಿಗೆ ಹಾಕಿದರಂತೆ.

"ಗಂಟು ಮುಂದೆ ಹಾಕಿ ಕಾಕ, ಮೇಲೆ ಬಂದು ನಾನೇ ಬಿಚ್ಕೊಳ್ತೀನಿ."

"ಒಳಗೇ ಬಿಚ್ಕೊಳ್ತೀಯ ಅಂತಲೇ ಹಿಂದೆ ಹಾಕಿದ್ದು. ಗ್ಯಾಸ್ ತಲೆಗೇರಿದ್ರೆ ಹೆಂಡ ಕುಡಿದ ಹಾಗೆ. ಮೈಮೇಲಿದ್ದದ್ದು ಯಾವುದೂ ಬೇಡ ಅನ್ಸುತ್ತೆ."

ನಾನು ರೊಟ್ಟಿಯ ಬುತ್ತಿ ಹಿಡಿದು ಶೆಡ್ಡಿಗೆ ಹೋದಾಗ ಮೇಲಿನಿಂದ ಒಂದು "ಹೋಯ್", ಒಳಗಿನಿಂದ ಒಂದು "ಹೋಯ್" ನಡೆದಿತ್ತು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಉತ್ತರದ ಬದಲು ನಗು ಕೇಳಿಸಿತು. ಆಮೇಲೆ ಹಾಡು. ನಮ್ಮನೆಯವರು ಹಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ನನಗೂ ನಗು ಬಂತು. ಕಾಕನ ಮುಖ ಮಾತ್ರ ಬಿಳಿಚಿಕೊಂಡು, ಅವರು ಹಗ್ಗ ಜಗ್ಗತೊಡಗಿದರು. ಕೆಸರು ಕೆದಕಿದಾಗ ತಳದಲ್ಲಿ ಅಡಗಿದ್ದ ಗ್ಯಾಸ್ ಮತ್ತೆ ಎದ್ದಿತ್ತು. ಒಳಗೆ ದೊಪ್ಪನೆ ಬಿದ್ದ ಸದ್ದು.

ಬಸ್ಸಿನ ಕ್ಲೀನರ್ ಆಗಿದ್ದ ನನ್ನ ಮೈದುನ ಓಡಿ ಬಂದು, "ಅಣ್ಣಾ" ಎನ್ನುತ್ತ ಒಳಗೆ ಧುಮುಕಲು ಹೋದ. ಕಾಕ ಟ್ಯಾಂಕಿನ ಬಾಯಿಗೆ ಅಡ್ಡ ಕೂತುಬಿಟ್ಟರು. ಅವನು ತಳ್ಳಿದ, ಬೈದ. ನಾನೂ ಹೋಗಿ ಕಾಕನ ಬೆನ್ನಿಗೆ ಗುದ್ದಿದೆ. ನನ್ನ ಗಂಡನನ್ನು ಇವರೇ ಕೊಲ್ಲುತ್ತಿದ್ದಾರೆ ಅನ್ನಿಸಿತ್ತು.

"ಇಳಿದ್ರೆ ನೀನೂ ಅಲ್ಲೇ ಮಲಗ್ತೀಯ. ಎಳಿ. ತಂಗಿ, ನೀನೂ ಹಿಡಿ" ಎಂದು ಹಗ್ಗದ ತುದಿಯನ್ನು ನಮ್ಮ ಕೈಗೆ ಕೊಟ್ಟರು. ಹಗ್ಗ ಒಳಗೆ ಎಲ್ಲೋ ಸಿಕ್ಕಿಕೊಂಡಿತು. ಸಡಿಲ ಬಿಟ್ಟು, ಪಕ್ಕಕ್ಕೆ ತಿರುಗಿಸಿ, ಮತ್ತೆ ಎಳೆಸಿದರು. ಅಷ್ಟು ಹೊತ್ತೂ ಅವರು ಕೆಳಗೆ ಬಗ್ಗಿ "ಹೋಯ್, ಹೋಯ್" ಎನ್ನುತ್ತಲೇ ಇದ್ದರು. ನಮ್ಮನೆಯವರ ತಲೆ ಮೇಲೆ ಬಂತು, ಭುಜ ಬಂತು. ಹುಲ್ಲಿನ ಮೇಲೆ ಮಲಗಿಸಿ ಗಾಳಿ ಹಾಕಿದ ಮೇಲೆ ಕೆಮ್ಮು ಬಂತು. ಆ ಕೆಮ್ಮಿನಷ್ಟು ಹಿತವಾದ ಸದ್ದನ್ನು ನಾನು ಈ ಜನ್ಮದಲ್ಲಿ ಕೇಳಿಲ್ಲ.

ಸಂಜೆ ಕಾಕನ ಹೆಂಡತಿ ಹೇಳಿದರು. ಹಡಗಿನಲ್ಲಿ ಕಾಕನ ತಮ್ಮ ಹೀಗೇ ಬಿದ್ದನಂತೆ. ಆವತ್ತು ಹಗ್ಗ ಕಟ್ಟಿರಲಿಲ್ಲ. ಎತ್ತಲು ಇಳಿದ ಗೆಳೆಯನೂ ಅವನ ಪಕ್ಕದಲ್ಲೇ ಬಿದ್ದ. ಮತ್ತೂ ಇಳಿಯಲು ಬಂದವರನ್ನು ಕಾಕ ಬಾಯಿಗೆ ಅಡ್ಡ ಕೂತು ತಡೆದರು, ತಾವೂ ಇಳಿಯಲಿಲ್ಲ. ತಮ್ಮ ಸಾಯುವುದನ್ನು ಕೂತು ನೋಡಿದವನು ಎಂದು ಊರು ಆಡಿಕೊಂಡಿತು. ತಾಯಿ ಕೊನೆಯವರೆಗೂ ಮಾತಾಡಿಸಲಿಲ್ಲ.

ಮರುದಿನ ನಾನು ಕಡುಬು ಮಾಡಿಕೊಂಡು ಹೋಗಿ ಕಾಕನ ಮುಂದಿಟ್ಟೆ. "ಬೆನ್ನಿಗೆ ಎಣ್ಣೆ ಹಚ್ಚಿಸ್ಕೊಂಡೆ ತಂಗಿ, ನಿನ್ನ ಕೈ ಭಾರ ಉಂಟು" ಎಂದು ನಕ್ಕರು. ಆಮೇಲೆ ಕಡುಬು ಮುರಿಯುತ್ತ, "ಇಳಿಯೋನಿಗೆ ಎಲ್ರೂ ಶಾಭಾಸ್ ಅಂತಾರೆ. ಮೇಲೆ ಒಬ್ಬ ಇರ್ಬೇಕಲ್ಲ" ಎಂದರು.

ಮುಂದಿನ ಮಳೆಗಾಲಕ್ಕೆ ಕಾಕನಿಗೆ ಚಳಿಜ್ವರ ಬಂತು. ಕ್ವಿನೈನು ನಾಟಲಿಲ್ಲ. ಕಣ್ಣು ಬಿಡಲಾಗದೆ ಮಲಗಿದ್ದಾಗಲೂ ಸೊಂಟದ ಹಗ್ಗ ತೆಗೆಯಲು ಬಿಡಲಿಲ್ಲ. ನಮ್ಮನೆಯವರು ಕೆಲಸ ಬಿಟ್ಟು, ಅದರ ತುದಿ ಹಿಡಿದು ಹಾಸಿಗೆಯ ಪಕ್ಕದಲ್ಲೇ ಕೂತರು. ಆಗಾಗ ಬಗ್ಗಿ "ಹೋಯ್" ಎನ್ನುವರು. ಕಾಕ ಮೆಲ್ಲಗೆ "ಹೋಯ್" ಎನ್ನುವರು. ದನಿ ಹೋದ ಮೇಲೆ ತುಟಿಯಾದರೂ ಅಲುಗುತ್ತಿತ್ತು.

ಒಂದು ಮಧ್ಯಾಹ್ನ ತುಟಿಯೂ ಅಲುಗಲಿಲ್ಲ. ಅವರ ಹೆಂಡತಿ ಅಳುತ್ತ ಕಾಕನ ಮುಖಕ್ಕೆ ಮುಸುಕೆಳೆದರು. ನಮ್ಮನೆಯವರು ಇನ್ನೊಮ್ಮೆ "ಹೋಯ್" ಎಂದು, ಕಾದು, ಹಗ್ಗವನ್ನು ಸ್ವಲ್ಪ ಎಳೆದು ನೋಡಿದರು.